ಬೆಲಿಸಾರಿಯೊನ ಇಳಿಜಾರು ಲಾನು

"ಗೋಡೆ ನಿಲ್ಲಿಸಿ ಕೊಡಿ, ಅದರ ಮೇಲೂ ಹುಲ್ಲು ಹಿಡಿಸ್ತೀನಿ" ಎನ್ನುವುದು ದೋನ್ ಬೆಲಿಸಾರಿಯೊನ ಮಾತು. ಮೆದೆಲಿನ್ ನಗರದ ಗುಡ್ಡದ ಮೇಲಿನ ಅವನ ಹಿತ್ತಿಲು ಎಷ್ಟು ಕಡಿದಾಗಿದೆಯೆಂದರೆ, ಅಲ್ಲಿ ಮೊಟ್ಟೆಯಿಟ್ಟ ಕೋಳಿ ಕಾವು ಕೊಡಲು ಕೆಳಗಿನ ಬೀದಿಗೆ ಹೋಗಬೇಕು. ಅಂಥಲ್ಲಿ ಅವನು ಹುಲ್ಲಿನ ಹೆಂಟೆಗಳನ್ನು ಹೆಂಚಿನಂತೆ ಅಡ್ಡಡ್ಡ ಜೋಡಿಸಿ, ಜಾರದಿರಲೆಂದು ಬಿದಿರಿನ ಗೂಟ ಹೊಡೆಯುತ್ತಾನೆ. ಬಿದಿರು ಮುಗಿದರೆ ಅಡುಗೆಮನೆಯ ಮುಳ್ಳುಚಮಚಗಳೂ ಮಣ್ಣು ಸೇರುತ್ತವೆ. ಮಳೆ ಬಂದ ಮರುದಿನ ಕೆಳಮನೆಯ ಒತೀಲಿಯಾ ಕೂಗುತ್ತಾಳೆ: "ದೋನ್ ಬೆಲಿಸಾರಿಯೊ, ನಿಮ್ಮ ಲಾನು ಮತ್ತೆ ನಮ್ಮನೆಗೆ ನೆಂಟರ ಹಾಗೆ ಬಂದು ಕೂತಿದೆ. ಈ ಸಲ ಊಟಕ್ಕೆ ಚಮಚಾನೂ ತಂದಿದೆ!" ಅವನು ಹೋಗಿ ಅದನ್ನು ಚಾಪೆಯಂತೆ ಸುತ್ತಿ ಹೆಗಲ ಮೇಲೆ ಹೊತ್ತು ತರುತ್ತಾನೆ, ಮತ್ತೆ ಹಾಸುತ್ತಾನೆ, ಆಮೇಲೆ ಬರಿಗಾಲಲ್ಲಿ ಇಳಿದು ಬೇಕೆಂದೇ ಧೊಪ್ಪನೆ ಬಿದ್ದು ನೋಡುತ್ತಾನೆ. ಹೋದ ವರ್ಷ ಹೆಂಡತಿ ರೊಸಾಲ್ಬಾ ಬಟ್ಟೆ ಒಣಹಾಕಲು ಹೋಗಿ ಇದೇ ಹಿತ್ತಿಲ ಕೆಸರಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅಂದಿನಿಂದ ಹಿತ್ತಿಲಿಗೆ ಕಾಲಿಡಲು ಅವಳಿಗೆ ಧೈರ್ಯವಿಲ್ಲ; ಅವನ ಹುಲ್ಲಿನ ಹುಚ್ಚು ಶುರುವಾದದ್ದೂ ಅಂದಿನಿಂದಲೇ. "ಸಿಮೆಂಟಿನ ಮೆಟ್ಟಿಲು ಕಟ್ಟಿಸಬಾರ್ದೇನೋ ಮುದುಕಾ?" ಎಂದು ಅವಳು ಕಿಟಕಿಯಿಂದ ಕೇಳುತ್ತಾಳೆ. ಬಿದ್ದಲ್ಲೇ ಮಲಗಿಕೊಂಡು ಅವನು ಹೇಳುತ್ತಾನೆ: "ಮೆಟ್ಟಿಲ ಮೇಲೆ ಹೀಗೆ ಬಿದ್ದಿದ್ರೆ, ನಿಂಗೆ ಉತ್ತರ ಕೊಡೋಕೆ ನಾನಿರ್ತಿದ್ನೇನೇ?"