ಹೊರಡುವವರನ್ನು ತಡೆದು ಕೇಳಿದವರು

ಕಂಪೌಂಡರ್ ಕಾಕಾರ ಬಲಗೈ ಹೆಬ್ಬೆರಳಿನ ಮೇಲೆ ಕುರಿಗಳ ಹಲ್ಲಿನ ಗುರುತು ಒಂದರ ಮೇಲೊಂದು ಬಿದ್ದು, ಚರ್ಮ ಹಳೆಯ ಚಪ್ಪಲಿಯಂತೆ ಗಟ್ಟಿಯಾಗಿತ್ತು. ಪಶು ಆಸ್ಪತ್ರೆಗಳಲ್ಲಿ ಕುರಿಗಳ ಬಾಯಿ ಬಿಡಿಸಿ ಔಷಧಿ ಕುಡಿಸುತ್ತಲೇ ನಿವೃತ್ತರಾಗಿ, ಕೊಟ್ಟೂರಿನ ನಮ್ಮ ಕುರಿಗಾರರ ಸಂಘಕ್ಕೆ ಬಂದು ಕೂತರು. ಸಂಘದ ವೆಬ್‌ಸೈಟ್ ನೋಡಿಕೊಳ್ಳುವವಳು ನಾನು. ಯಾವ ರೋಗಕ್ಕೆ ಏನು ಮದ್ದು ಎಂದು ಅವರು ಹೇಳುವುದು, ನಾನು ಬರೆದು ಹಾಕುವುದು.

ಪುಟ ಮುಚ್ಚಲು ಹೊರಟವರ ಎದುರು ಒಂದು ಪ್ರಶ್ನೆ ಮೂಡಬೇಕೆಂದು ಹಟ ಹಿಡಿದವರು ಅವರೇ. ಮೆಚ್ಚುಗೆ ಒತ್ತಲು ಐದು ನಕ್ಷತ್ರ ಇಟ್ಟರೆ ಸಾಕು ಎಂದೆ ನಾನು. "ನಕ್ಷತ್ರ ತಗೊಂಡು ಏನ್ ಮಾಡ್ತಿ ತಂಗಿ? ಒಳಗಿದ್ದಾಗ ಮಂದಿ ಎಲ್ಲಾದಕ್ಕೂ ಹೂಂ ಅಂತಾರ. ಬಾಗಿಲದಾಗ ನಿಂದರಿಸಿ ಕೇಳು, ಏನ್ ತಿಳೀತು ಹೇಳ್ರಿ ಅಂತ." ಆಸ್ಪತ್ರೆಯಲ್ಲೂ ಹಾಗೇ ಮಾಡುತ್ತಿದ್ದರಂತೆ, ಔಷಧಿ ಹಿಡಿದು ಹೊರಟವರ ದಾರಿಗೆ ಅಡ್ಡ ನಿಂತು. ಮುದುಕರ ಕಿರಿಕಿರಿ ಎಂದು ಗೊಣಗುತ್ತಲೇ ಆ ಪ್ರಶ್ನೆ ಹಾಕಿದೆ. ಹೆಸರು, ನಂಬರು ಕೇಳಿದರೆ ಯಾರೂ ಬರೆಯುವುದಿಲ್ಲವೆಂದು ಅವೆರಡನ್ನೂ ತೆಗೆದೆ. ಅದು ನನ್ನ ಜಾಣತನ.

ಕೆಲವು ದಿನ 'ಚಲೋ ಐತಿ', 'ಓಕೆ' ಎಂಬ ಉತ್ತರಗಳೇ ಬಂದವು. ಆಮೇಲೆ ಒಂದು ಬೆಳಿಗ್ಗೆ ಇದು: 'ತಿಳೀತು. ಜಂತಿನ ಔಷಧಿ ಮರಿಗೆ ಒಂದು ಮುಚ್ಚಳ. ನಾವು ನೀರಿನ ಕ್ಯಾನಿಗೆ ಹಾಕಿಟ್ಟೀವಿ, ಅದರ ಮುಚ್ಚಳದಾಗ ಕುಡಿಸ್ತೀವಿ.'

ಕಾಕಾರ ಮುಖ ಬಿಳಿಚಿಕೊಂಡಿತು. ನಮ್ಮ ಕಡೆ ಕುರಿಗಾರರು ದೊಡ್ಡ ಡಬ್ಬಿಯ ಔಷಧಿ ಕೂಡಿ ಕೊಂಡು, ಕೈಗೆ ಸಿಕ್ಕ ಬಾಟಲಿ ಕ್ಯಾನುಗಳಲ್ಲಿ ಹಂಚಿಕೊಳ್ಳುತ್ತಾರೆ. ಕಾಕಾ ಹೇಳಿದ್ದು ಸಿರಿಂಜಿನ ಅಳತೆ. ಜನರಿಗೆ ಸುಲಭವಾಗಲಿ ಎಂದು 'ಒಂದು ಮುಚ್ಚಳ' ಎಂದು ಬರೆದವಳು ನಾನು. ಔಷಧಿಯ ಸಣ್ಣ ಬಾಟಲಿಯ ಮುಚ್ಚಳ ನನ್ನ ತಲೆಯಲ್ಲಿತ್ತು. ಕ್ಯಾನಿನ ಮುಚ್ಚಳ ಅದರ ಎಷ್ಟೋ ಪಟ್ಟು ಹಿಡಿಯುತ್ತದೆ; ಅಷ್ಟು ಕುಡಿದರೆ ಮರಿಗೆ ಅದು ವಿಷ.

"ಯಾರಿದು?"

"ಗೊತ್ತಿಲ್ಲ ಕಾಕಾ. ಹೆಸರು ಕೇಳಿಲ್ಲ."

ಆಗಲೇ ಪುಟ ತಿದ್ದಿದೆ. ಆದರೆ ಓದಿ ಹೋದವರು ಹೋಗಿಯಾಗಿತ್ತು. ಮಂದೆಗಳು ಆಗ ತುಂಗಭದ್ರೆಯ ದಂಡೆಗೆ ಇಳಿದಿದ್ದವು. ಕಾಕಾ ಬಸ್ಸು ಹತ್ತಿ ಮಾಗಳ, ಹೊಳಲು ಎಂದು ಮೂರು ದಿನ ಹಟ್ಟಿಯಿಂದ ಹಟ್ಟಿಗೆ ತಿರುಗಿದರು. ಎಲ್ಲರೂ "ನಾವಲ್ರಿ" ಎಂದರು. ನಾಲ್ಕನೆಯ ದಿನ ಅದೇ ಪ್ರಶ್ನೆಗೆ ಇನ್ನೊಂದು ಉತ್ತರ ಬಂತು: 'ಮರಿ ಮಕ್ಕೊಂಡಾವು, ಏಳವಲ್ಲವು. ಏನ್ ಮಾಡೂಣ್ರಿ?'

ಅಯ್ಯೋ, ಆ ಹಾಳು ಪುಟ ಕೇಳಬಲ್ಲದು, ತಿರುಗಿ ಉತ್ತರ ಕೊಡಲಾರದು! ನಾನು ಅತ್ತುಬಿಟ್ಟೆ. ಕಾಕಾ ಬೈಯಲಿಲ್ಲ. ಸಂಘದ ಸಭೆಯಲ್ಲಿ ಎದ್ದು ನಿಂತು, "ಹಾಕೂಕಿಂತ ಮೊದಲ ಓದಿ ಹೂಂ ಅಂದಾವ ನಾನು. ಹುಡುಗಿ ತಪ್ಪಲ್ಲ," ಎಂದರು. ತಮ್ಮ ಫೋನ್ ನಂಬರನ್ನು ಪುಟದ ನೆತ್ತಿಯ ಮೇಲೆ ದಪ್ಪಗೆ ಹಾಕಿಸಿದರು. ಉತ್ತರ ಬರೆದ ಆ ಹಟ್ಟಿಯವರ ಫೋನು ಬರಲೇ ಇಲ್ಲ. ಯಾರ ಮರಿ, ಎಷ್ಟು ಹೋದವು, ಇಂದಿಗೂ ಗೊತ್ತಿಲ್ಲ.

ಅದೇ ವರ್ಷ ಕಾಕಾರ ಹೃದಯ ಕೈಕೊಟ್ಟಿತು. ಆಸ್ಪತ್ರೆಯ ಮಂಚದ ಮೇಲೆ ಫೋನನ್ನು ನನ್ನ ಕೈಗಿಟ್ಟು, "ಆರಿಸಬ್ಯಾಡ ತಂಗಿ, ಬಂದರ ಎತ್ತು," ಎಂದರು. ನನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡೇ ಹೋದರು. ಆ ಋಣ ಹೇಗೆ ತೀರಿಸಲಿ?

ಹೋದ ವಾರ ಕಾಕಾರ ಫೋನು ರಿಂಗಾಯಿತು. ತೆಲಿಗಿ ಕಡೆಯ ಹೆಣ್ಣುಮಗಳು. "ಕಂಪೌಂಡರ್ ಸಾಹೇಬರಾ? ನಿಮ್ಮ ಪುಟದ ಫೋಟೋ ವಾಟ್ಸಾಪ್ ಗ್ರೂಪಿನ್ಯಾಗ ಬಂದೈತ್ರಿ. ಪುಟ ತೆಗೆದ್ರ ನೆತ್ತಿ ಮ್ಯಾಗ ಈ ನಂಬರು ಸಿಕ್ತು. ಫೋಟೋದಾಗ ಒಂದು ಮುಚ್ಚಳ ಅಂತೈತಲ್ಲ, ಯಾವ ಮುಚ್ಚಳ್ರಿ?"

ನಾನು ತಿದ್ದುವ ಮುಂಚೆಯೇ ಯಾರೋ ಆ ಪುಟದ ಫೋಟೋ ತೆಗೆದಿಟ್ಟಿದ್ದರು. ಅದು ಇನ್ನೂ ಮೊಬೈಲಿಂದ ಮೊಬೈಲಿಗೆ ಓಡಾಡುತ್ತಿತ್ತು.

"ಕುಡಿಸಬ್ಯಾಡ್ರಿ!" ಎಂದು ಕಿರುಚಿದೆ.

"ನಾವು ಕುಡಿಸಿಲ್ರಿ. ಬಾಜೂ ಹಟ್ಟಿಯವ್ರು ಮುಂಜಾನಿ ಕುಡಿಸ್ಯಾರ."

"ನಿಮ್ಮ ಹೆಸರು ಹೇಳ್ರಿ, ಹಟ್ಟಿ ಎಲ್ಲೈತಿ ಹೇಳ್ರಿ, ಫೋನ್ ಇಡಬ್ಯಾಡ್ರಿ," ಎನ್ನುತ್ತ ಒಂದು ಕೈಯಲ್ಲಿ ಚಪ್ಪಲಿ ಹುಡುಕಿದೆ.