ನೀರು ಹಾಕುತ್ತಿದ್ದವಳು

ಕರಿ ಎಳ್ಳು ಹುರಿಯುವ ವಾಸನೆ ನನಗೆ ಆಗುವುದಿಲ್ಲ. ಮೊನ್ನೆ ನಮ್ಮ ಆರ್.ಟಿ. ನಗರದ ಮನೆಯಲ್ಲಿ ಸೊಸೆ ಬಾಣಲೆಗೆ ಎಳ್ಳು ಹಾಕಿದ್ದೇ ತಡ, ಹಳೇ ಸಿಟ್ಟೆಲ್ಲ ಎದ್ದು ಕೂತಿತು. ಮೊಮ್ಮಗಳಿಗೆ ಮುಟ್ಟು ತಡವಾಗಿದೆ, ಎಳ್ಳುಂಡೆ ಕೊಟ್ಟರೆ ಆಗುತ್ತದೆ ಅಂತ ಸೊಸೆಯ ನಂಬಿಕೆ. ಹುಡುಗಿ ಮಾತ್ರ, "ಎಕ್ಸಾಮ್ ಟೆನ್ಷನ್ ಅಜ್ಜಿ, ಬರುತ್ತೆ ಬಿಡಿ" ಅಂದಳು, ಬಸ್ಸು ತಡವಾಗಿದ್ದನ್ನು ಹೇಳಿದ ಹಾಗೆ. ನನಗೆ ತವರಿನ ಪಕ್ಕದ ಮನೆ ಅತ್ತೆ ನೆನಪಾದಳು...

ಎದುರಿಗಿದ್ದಾಗ ಅವಳಿಗೆ ಬಹುವಚನವನ್ನೇ ಆಡುತ್ತಿದ್ದೆ. ಈಗ ಏಕವಚನ ಸಾಕು.

ಐವತ್ತರ ದಶಕದ ಮಾತು. ನಾವಾಗ ಯಲಹಂಕದ ಹಳೇ ಊರಿನಲ್ಲಿದ್ದೆವು. ನಮ್ಮ ಮನೆಗೂ ಅವಳ ಮನೆಗೂ ಹಿತ್ತಲಲ್ಲಿ ಒಂದೇ ಸೇದುವ ಬಾವಿ. ಮುಟ್ಟಾದವರು ಮೂರು ದಿನ ಹಿತ್ತಲ ಚಪ್ಪರದಲ್ಲಿ ಕೂರಬೇಕು, ಬಾವಿಯ ಹಗ್ಗ ಮುಟ್ಟುವಂತಿಲ್ಲ. ನಾಲ್ಕನೇ ದಿನ ಬಟ್ಟೆ ಒಗೆದು ಸ್ನಾನ ಮಾಡಲು ಬೇರೆ ಯಾರಾದರೂ ನೀರು ಸೇದಿ ಹಾಕಬೇಕು. ಆ ಕೆಲಸವನ್ನು ಅತ್ತೆ ತಾನಾಗಿಯೇ ವಹಿಸಿಕೊಂಡಿದ್ದಳು. ಅವಳಿಗೆ ಮಕ್ಕಳಿರಲಿಲ್ಲ, ಪುರುಸೊತ್ತು ಬೇಕಾದಷ್ಟಿತ್ತು. ಅಕ್ಕಪಕ್ಕದ ಮನೆಯವರಿಗೂ ಕರೆಯದೇ ಹೋಗಿ ನೀರು ಹಾಕುತ್ತಿದ್ದಳು. ಹಾಗಾಗಿ ಬೀದಿಯ ಯಾವ ಹೆಂಗಸು ಯಾವಾಗ ಹೊರಗೆ ಕೂತಳು, ಯಾರಿಗೆ ಎಷ್ಟು ದಿನ ಮೀರಿತು, ಎಲ್ಲ ಅವಳ ಬಾಯಲ್ಲಿತ್ತು. ಪಂಚಾಂಗ ತಪ್ಪಿದರೂ ಅವಳ ಲೆಕ್ಕ ತಪ್ಪುತ್ತಿರಲಿಲ್ಲ.

ನಾನು ಸ್ಕೂಲು ಮೇಡಂ ಆಗಬೇಕೆಂದು ಟ್ರೈನಿಂಗಿಗೆ ಸೇರಿದ್ದೆ. ದಿನಾ ಬೆಳಿಗ್ಗೆ ಯಶವಂತಪುರದವರೆಗೆ ರೈಲು, ಅಲ್ಲಿಂದ ನಡಿಗೆ. ಆ ವರ್ಷ ಟೈಫಾಯ್ಡ್ ಬಂದು ತಿಂಗಳುಗಟ್ಟಲೆ ಗಂಜಿ ಕುಡಿದು ಮಲಗಿದೆ. ಎದ್ದಾಗ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮತ್ತೆ ಟ್ರೈನಿಂಗಿಗೆ ಹೋಗತೊಡಗಿದೆ. ಮುಟ್ಟು ಮಾತ್ರ ಬರಲಿಲ್ಲ. ಎರಡು ತಿಂಗಳಾಯಿತು. ಅಮ್ಮ ಹೊತ್ತುಹೊತ್ತಿಗೆ ಎಳ್ಳು ಬೆಲ್ಲ ಕುಟ್ಟಿ ಬಾಯಿಗೆ ತುರುಕಿದಳು. ಏನೂ ಆಗಲಿಲ್ಲ. ಅತ್ತೆ ಬಾವಿಕಟ್ಟೆಯ ಮೇಲೆ ಕೂತು, ರೈಲಿನಲ್ಲಿ ಯಾರ‍್ಯಾರು ಬರುತ್ತಾರೆ, ಎಲ್ಲಿ ಕೂರುತ್ತೀಯ ಅಂತ ಸುತ್ತಿ ಬಳಸಿ ಕೇಳತೊಡಗಿದಳು.

ಅಮ್ಮ ಹೆದರಿದಳು. ಹೆದರಿ ಒಂದು ಉಪಾಯ ಹೂಡಿದಳು: ಮುಟ್ಟಾಗದಿದ್ದರೂ ಆಗಿದೆ ಅಂತ ಹೇಳಿ ನನ್ನನ್ನು ಚಪ್ಪರದಲ್ಲಿ ಕೂರಿಸಿದಳು. ಮೂರು ದಿನ ಸುಳ್ಳುಸುಳ್ಳೇ ಚಾಪೆಯ ಮೇಲೆ ಕೂತು, ದೂರದಿಂದ ಬಡಿಸಿದ್ದನ್ನು ಉಂಡೆ. ನಾಲ್ಕನೇ ಬೆಳಿಗ್ಗೆ ಅತ್ತೆ ನೀರು ಹಾಕಲು ಬಂದಳು. ಎರಡು ಕೊಡ ಸುರಿದು, ಒಗೆಯುವ ಕಲ್ಲನ್ನು ನೋಡಿದಳು. ಕಲ್ಲು ಬರಿದಾಗಿತ್ತು.

"ಮೂರ್ ದಿನ ಕೂತಿದ್ಯಲ್ಲ, ಒಗೆಯೋ ಬಟ್ಟೆ ಎಲ್ಲೇ?"

ನಾವು ತಾಯಿ ಮಗಳು ಎಲ್ಲ ಯೋಚಿಸಿದ್ದೆವು, ಇದೊಂದನ್ನು ಬಿಟ್ಟು. ಅವಳು ಉಳಿದ ನೀರನ್ನೂ ನಿಧಾನವಾಗಿ ಸುರಿದು ಹೋದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಅಪ್ಪ ನನಗೆ ಒಂದೇಟೂ ಹೊಡೆಯಲಿಲ್ಲ, ಒಂದು ಮಾತೂ ಕೇಳಲಿಲ್ಲ. ರೈಲಿನ ಪಾಸನ್ನು ನನ್ನ ಕೈಯಿಂದ ಇಸಿದುಕೊಂಡರು, ಅಷ್ಟೇ.

ಆಮೇಲೆ ಅಮ್ಮ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆಕೆ ಪರೀಕ್ಷೆ ಮಾಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ಜ್ವರದ ವಿಷಯ ಕೇಳಿ, ಬಸಿರೂ ಇಲ್ಲ ಏನೂ ಇಲ್ಲ ಅಂದರು. "ಮೈ ಸೊರಗಿದಾಗ ಇದು ನಿಲ್ಲೋದುಂಟು. ಊಟ ಸರಿಯಾದ್ರೆ ಬರುತ್ತೆ. ಎಲ್ಲ ನಿಂತಿದ್ದೂ ಬಸಿರಲ್ಲಮ್ಮ." ಮೂರೇ ವಾರಕ್ಕೆ ಮುಟ್ಟು ಬಂತು. ಟ್ರೈನಿಂಗ್ ಬರಲಿಲ್ಲ. ಡಾಕ್ಟರ ಮಾತನ್ನು ಅಪ್ಪ ನಂಬಿದರು, ಆದರೆ ಊರ ಬಾಯಿಗೆ ಹೆದರಿದರು. ಮರುವರ್ಷವೇ ನನ್ನನ್ನು ಚಿಕ್ಕಜಾಲಕ್ಕೆ ಮದುವೆ ಮಾಡಿ ಕೊಟ್ಟರು. ಬೋರ್ಡಿನ ಮುಂದೆ ನಿಲ್ಲುವ ನನ್ನ ಆಸೆ ಅಲ್ಲಿಗೆ ಮುಗಿಯಿತು. ನಾನು ಅವಳನ್ನು ದ್ವೇಷಿಸಿದೆ. ಈಗಲೂ ದ್ವೇಷಿಸುತ್ತೇನೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅರವತ್ತರ ದಶಕದಲ್ಲಿ ಎರಡನೇ ಹೆರಿಗೆಗೆ ತವರಿಗೆ ಬಂದಿದ್ದೆ, ಏಳು ತಿಂಗಳು ತುಂಬಿತ್ತು. ಬಾವಿಯ ಹತ್ತಿರ ನಾಲ್ಕೈದು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅತ್ತೆ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದಳು. ತಲೆ ಅರ್ಧ ನರೆತಿತ್ತು. ಆದರೆ ಮುಖದಲ್ಲಿ ನಾನೆಂದೂ ಕಾಣದ ನಾಚಿಕೆ.

"ನಂಗೆ ಮೂರ್ ತಿಂಗ್ಳಾಯ್ತು ಕಣೆ. ಯಾರ‍್ಗೂ ಹೇಳಿಲ್ಲ. ಡಾಕ್ಟ್ರಮ್ಮನ್ ಹತ್ರ ಕರ‍್ಕೊಂಡ್ ಹೋಗ್ತೀಯಾ?"

ಬೀದಿಯವರ ದಿನಗಳನ್ನೆಲ್ಲ ಎಣಿಸುತ್ತಿದ್ದವಳು ತನ್ನದನ್ನೂ ಎಣಿಸುತ್ತಿದ್ದಳು ಅಂತ ನನಗೆ ಆಗಲೇ ಹೊಳೆದದ್ದು. ಇಪ್ಪತ್ತೈದು ವರ್ಷ, ಪ್ರತಿ ತಿಂಗಳೂ... ಮುಟ್ಟು ನಿಲ್ಲುವ ವಯಸ್ಸು ಅವಳದು, ಅದು ನನಗೆ ಕಂಡಿತು. ಪಕ್ಕಕ್ಕೆ ಕರೆದು ಮೆತ್ತಗೆ ಹೇಳಬಹುದಿತ್ತು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಎಲ್ಲ ನಿಂತಿದ್ದೂ ಬಸಿರಲ್ಲ ಅತ್ತೆ. ನಿಮ್ಗೆ ವಯಸ್ಸಾಯ್ತು, ಅಷ್ಟೇ."

ಒಗೆಯುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ನನ್ನ ತುಂಬಿದ ಹೊಟ್ಟೆಯನ್ನೊಮ್ಮೆ ನೋಡಿ, ಕೊಡ ಅಲ್ಲೇ ಬಿಟ್ಟು ಒಳಗೆ ಹೋದಳು. ಅವತ್ತಿನಿಂದ ಅವಳು ಯಾರಿಗೂ ನೀರು ಹಾಕಲಿಲ್ಲವಂತೆ. ಸತ್ತ ಸುದ್ದಿ ಬಂದಾಗ ಚಿಕ್ಕಜಾಲದಿಂದ ಯಲಹಂಕಕ್ಕೆ ಬಸ್ಸಿತ್ತು. ನಾನು ಹೋಗಲಿಲ್ಲ.

ಸೊಸೆ ತಟ್ಟೆಯಲ್ಲಿ ಎಳ್ಳುಂಡೆ ತಂದಿಟ್ಟಳು. ಮೊಮ್ಮಗಳು ಒಂದನ್ನು ಬಾಯಿಗೆ ಹಾಕಿಕೊಂಡು, ನಿಮ್ಮ ಕಾಲದಲ್ಲಿ ಹೀಗೆ ತಡವಾದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದಳು. ಅಂದು ಆ ಲೇಡಿ ಡಾಕ್ಟರು ಹೇಳಿದ್ದನ್ನೇ ಹೇಳಲು ಬಾಯಿ ತೆರೆದೆ. ನನಗೆ ಧೈರ್ಯ ಕೊಟ್ಟ ಮಾತು ಅದು. ಅದೇ ಮಾತಿನಿಂದ ನಾನು ಅವಳ ಕಡೆಯ ಆಸೆಯನ್ನು ಬಾವಿಕಟ್ಟೆಯಲ್ಲಿ ನಾಲ್ಕು ಜನರ ಮುಂದೆ ಕೊಂದಿದ್ದೆ. ಹುಡುಗಿ ಕಾಯುತ್ತಾ ಕೂತಿದ್ದಳು. ಆ ಮಾತನ್ನು ಈ ಸಲ ಮೆತ್ತಗೆ ಹೇಳಿದೆ.