ವಾರ್ಡಿಗೆ ಬಂದ ಬಿಳಿ ನಿಲುವಂಗಿ

ಕೊರೋನಾ ಕಳೆದ ಮರುವರ್ಷ ನಾನು ಬಿಕರ್ನಕಟ್ಟೆ ಕಡೆಯ ಒಂದು ಚರ್ಚಿನಲ್ಲಿ ವಿಗಾರನಾಗಿದ್ದೆ. ವಿಗಾರ ಎಂದರೆ ಚರ್ಚಿನ ಮುಖ್ಯ ಗುರು. ಪೂಜೆಯಿಂದ ಹಿಡಿದು ಕೆಟ್ಟ ಪಂಪಿನವರೆಗೆ ಎಲ್ಲವೂ ಅವನ ತಲೆಗೇ. ರೋಗಿಗಳ ಹಣೆಗೂ ಅಂಗೈಗೂ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವುದೂ ಅದರಲ್ಲಿ ಒಂದು. ಹಿಂದೆ ಇದನ್ನು ಸಾಯುವ ಹೊತ್ತಿಗೆ ಮಾತ್ರ ಹಚ್ಚುತ್ತಿದ್ದರು. ಈಗ ಕಾಯಿಲೆ ಜೋರಾದಾಗಲೇ, ಗುಣವಾಗಲೆಂದು ಹಚ್ಚುತ್ತೇವೆ. ಪ್ರವಚನದಲ್ಲಿ ನೂರು ಸಲ ಹೇಳಿದ್ದೇನೆ. ಆದರೂ ನಮ್ಮ ಹಿರಿಯರು ತೈಲದ ಡಬ್ಬಿ ಕಂಡರೆ ಶವಪೆಟ್ಟಿಗೆ ಕಂಡಂತೆ ಬೆಚ್ಚುತ್ತಾರೆ.

ಒಂದು ಸಂಜೆ ಲವೀನಾ ಫೋನ್ ಮಾಡಿದಳು. ಅವಳ ತಂದೆ ಜೋಕಿಂ ಅವರಿಗೆ ಮರುದಿನ ಬೈಪಾಸ್, ಅಂದರೆ ಹೃದಯದ ಆಪರೇಷನ್. ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತರಾದ ಗಟ್ಟಿ ಆಳು. ಚರ್ಚಿನವರೆಲ್ಲ ಅವರನ್ನು ಬಾಪ್ಪು, ಅಂದರೆ ಚಿಕ್ಕಪ್ಪ, ಎಂದೇ ಕರೆಯುವುದು. ಅವರಿಗೆ ತಿಳಿಸದೆ ಮಗಳು ನನ್ನನ್ನು ಕರೆಸಿದ್ದಳು. ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹತ್ತಿ, ಬಿಳಿ ನಿಲುವಂಗಿಯಲ್ಲೇ ವಾರ್ಡಿನ ಬಾಗಿಲಲ್ಲಿ ನಿಂತೆ.

ಎದುರು ಮಂಚದಲ್ಲಿದ್ದ ಮುಸ್ಲಿಂ ವ್ಯಾಪಾರಿ ಹಸನಬ್ಬ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡರು. "ಇಲ್ಲಿ ಬರ್ಬೇಡಿ ಮಾರಾಯ್ರೆ, ನಾನು ಬ್ಯಾರಿ!"

ಬಾಪ್ಪು ನಗಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. ಮಗಳ ಕಡೆ ತಿರುಗಿ, "ಡಾಕ್ಟರು ನಿನ್ನತ್ರ ಎಂತ ಹೇಳಿದ್ದಾರೆ? ನಾನು ಉಳಿಯುವುದಿಲ್ಲ ಅಂತ ಅಲ್ವಾ?" ಎಂದರು. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಇನ್ನೂ ಸಹಿ ಹಾಕಿರಲಿಲ್ಲ. "ಎಂತದೂ ಬೇಡ, ಮನೆಗೆ ಹೋಗುವ" ಎಂದು ಪೆನ್ನು ಎಸೆದು ಕಾಲು ಕೆಳಗಿಟ್ಟರು. ಮೂರು ರಕ್ತನಾಳ ಕಟ್ಟಿಕೊಂಡ ಮನುಷ್ಯ ಎದ್ದು ಹೋದರೆ ಮನೆ ತಲುಪುವುದೇ ಸಂಶಯ. ನನ್ನನ್ನು ನೋಡಿಯೇ ಇಷ್ಟೆಲ್ಲ ಆದದ್ದು. ಅವರ ಮಂಚದ ಬಳಿಗೆ ಧಾವಿಸಿದೆ.

"ಹೆದರ್ಬೇಡಿ ಬಾಪ್ಪು. ಇದು ಸಾಯುವವರಿಗಲ್ಲ, ಗುಣ ಆಗುವವರಿಗೆ."

ಅವರು ನನ್ನನ್ನೇ ದಿಟ್ಟಿಸಿದರು. "ನೀವ್ಯಾಕೆ ಎದೆ ಒತ್ತಿ ಹಿಡಿದಿದ್ದೀರಿ ಫಾದರ್?"

ಒಂದು ವಾರದಿಂದ ಎದೆ ಉರಿಯುತ್ತಿತ್ತು. ಚರ್ಚಿನ ಹಬ್ಬದ ಹಂದಿಮಾಂಸದ ಪ್ರಭಾವವೆಂದು ಸೋಡಾ ಕುಡಿದು ಸುಮ್ಮನಿದ್ದೆ. "ಗ್ಯಾಸ್" ಎಂದೆ.

"ನನ್ನದೂ ಮೊದಲು ಗ್ಯಾಸೇ. ನೀವು ಇಸಿಜಿ ಮಾಡಿಸಿ, ಮತ್ತೆ ನಾನು ಸಹಿ ಹಾಕ್ತೇನೆ."

ಇಸಿಜಿ ಎಂದರೆ ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ತೋರಿಸುವ ಪರೀಕ್ಷೆ. ಅವರ ಸಮಾಧಾನಕ್ಕೆ ಒಪ್ಪಿದೆ. ಹರಟುತ್ತ ವಯರು ಅಂಟಿಸಿದ ನರ್ಸ್, ಕಾಗದ ಹೊರಬಂದಾಗ ಮಾತು ನಿಲ್ಲಿಸಿದಳು. ಡಾಕ್ಟರು ಓಡಿ ಬಂದರು. ಕೂಡಲೇ ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಂ ಆಗಬೇಕು, ಎಲ್ಲ ಸಿದ್ಧವಾಗುವವರೆಗೆ ಅಲುಗಾಡಬೇಡಿ ಎಂದು ಬಾಪ್ಪುವಿನ ಪಕ್ಕದ ಮಂಚದಲ್ಲೇ ಮಲಗಿಸಿದರು.

ಅಷ್ಟರಲ್ಲಿ ಬಾಗಿಲಲ್ಲಿ ಬಿಳಿ ನಿಲುವಂಗಿ ಕಂಡಿತು. ಲವೀನಾ ಸುದ್ದಿ ಮುಟ್ಟಿಸಿದ್ದರಿಂದ ನನ್ನ ಸಹಾಯಕ ಗುರು ಸ್ಕೂಟರಿನಲ್ಲಿ ಧಾವಿಸಿ ಬಂದಿದ್ದರು. ಡಾಕ್ಟರು ನನಗೆ ಹೇಳದ್ದನ್ನು ಇವರಿಗೆ ಹೇಳಿದ್ದಾರೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ. "ಈಗ ಬೇಡ ಫಾದರ್, ನಾಳೆ ನೋಡುವ" ಎಂದು ಗೋಡೆಯ ಕಡೆ ಮುಖ ತಿರುಗಿಸಿದೆ. ತೈಲದ ಡಬ್ಬಿ ನನ್ನ ಕಿಸೆಯಲ್ಲೇ ಇತ್ತು. ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

ಪಕ್ಕದ ಮಂಚ ಕಿರುಗುಟ್ಟಿತು. ಬಾಪ್ಪು ಎದ್ದು ಕುಳಿತಿದ್ದರು. "ಡಬ್ಬಿ ಕೊಡಿ ಫಾದರ್. ಮೊದಲು ನನಗೆ ಹಚ್ಚಲಿ, ನೀವು ನೋಡಿ."

ಡಬ್ಬಿಯನ್ನು ಸಹಾಯಕ ಗುರುಗಳಿಗೆ ಕೊಟ್ಟೆ. ಬೆಂಕಿಯ ಕಿಡಿ ಹಾರಿ ಕಲೆಬಿದ್ದ ಎರಡೂ ಅಂಗೈಗಳನ್ನು ಅವರು ಚಾಚಿದರು. ತೈಲ ಹಚ್ಚಿ ಮುಗಿಯುವವರೆಗೂ ನನ್ನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಆಮೇಲೆ ಮಗಳಲ್ಲಿ ಪೆನ್ನು ಕೇಳಿದರು. ನಾನೂ ಅಂಗೈ ಬಿಡಿಸಿ ಚಾಚಿದೆ.

ಅವರು ಬೈಪಾಸ್ ಮುಗಿಸಿ, ನಾನು ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆ ಸೇರಿದೆವು. ಈಗ ಆಸ್ಪತ್ರೆಗೆ ಅಂಗಿ ಪ್ಯಾಂಟಿನಲ್ಲೇ ಹೋಗುತ್ತೇನೆ. ಮಂಚದ ಪಕ್ಕ ಕುಳಿತು, ಹೆದರಬೇಡಿ ಎಂದು ಹೇಳುವುದಿಲ್ಲ. ನನಗೂ ತುಂಬ ಹೆದರಿಕೆಯಾಗಿತ್ತು ಎನ್ನುತ್ತೇನೆ. ಮತ್ತೆ, ಅವರಾಗಿ ಕೈ ಚಾಚುವವರೆಗೆ ಡಬ್ಬಿ ತೆಗೆಯುವುದಿಲ್ಲ.